ಓಸ್ಟಿಯಾದಲ್ಲಿ ಒಂದು ಹಗಲು

1938ರಲ್ಲಿ ಪಾಂಪೇಯಿ ನಗರದ ಉತ್ಖನನದಲ್ಲಿ ಭಾರತೀಯ ದಂತದ ಪುತ್ಥಳಿಯೊಂದು ದೊರೆಯಿತು. ಒಂದು ಗೇಣಿನಷ್ಟು ಎತ್ತರದ ಆ ಸ್ತ್ರೀಮೂರ್ತಿಯನ್ನು ವಿದ್ವಾಂಸರು ಮೊದಲು ಲಕ್ಷ್ಮಿಯೆಂದು ಕರೆದರು. ಈಗ ಯಕ್ಷಿಯೆಂದು ಗುರುತಿಸುವವರೇ ಹೆಚ್ಚು. ಕ್ರಿ.ಶ. 79ರಲ್ಲಿ ವಿಸೂವಿಯಸ್ ಉಗುಳಿದ ಬೂದಿಯಡಿ ಹೂತುಹೋಗುವ ಮೊದಲೇ ಅದು ಕಡಲು ದಾಟಿ ಇಟಲಿಯನ್ನು ಸೇರಿದ್ದಿತು. ಚಿತ್ರದುರ್ಗ ಸೀಮೆಯ ಇತಿಹಾಸದ ಅಧ್ಯಾಪಕರೊಬ್ಬರು ಇಪ್ಪತ್ತು ವರ್ಷಗಳಿಂದ ಈ ಮೂರ್ತಿಯನ್ನು ಕುರಿತು ಪಾಠ ಹೇಳುತ್ತ ಬಂದವರು. ತಮ್ಮೂರಿನ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳು ಒಂದು ತುದಿ, ಪಾಂಪೇಯಿಯ ದಂತದ ಯಕ್ಷಿ ಮತ್ತೊಂದು ತುದಿ. ನಡುವಿನ ಕಡಲ ಹಾದಿಯನ್ನು ಅವರು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದರೋ ಲೆಕ್ಕವಿಲ್ಲ. ನಾಣ್ಯಗಳನ್ನು ಕಂಡಿದ್ದರು. ಯಕ್ಷಿಯನ್ನು ಕಂಡಿರಲಿಲ್ಲ.

ರೋಮ್ ನಗರದ ವಿಚಾರಸಂಕಿರಣವೊಂದಕ್ಕೆ ಕರೆ ಬಂದಾಗ ಅವರು ಉಳಿತಾಯದ ಹಣವನ್ನೆಲ್ಲ ಕೂಡಿಸಿ ಪತ್ನಿಯನ್ನೂ ಮಕ್ಕಳಿಬ್ಬರನ್ನೂ ಜೊತೆಗೆ ಕರೆದೊಯ್ದರು. ಮಗಳಿಗೆ 11 ವರ್ಷ, ಮಗನಿಗೆ 6. ಗೋಷ್ಠಿಗಳೆಲ್ಲ ಮುಗಿದ ಮೇಲೆ ಊರಿನ ಹೊರಗೆ ಹೋಗಿಬರಲು ಉಳಿದದ್ದು ಒಂದೇ ದಿನ, ಒಂದು ಬುಧವಾರ. ಆ ದಿನ ಪಾಂಪೇಯಿಗೆಂದು ಅವರು ಭಾರತದಲ್ಲಿದ್ದಾಗಲೇ ನಿಶ್ಚಯಿಸಿದ್ದರು.

ಆದರೆ ಮಂಗಳವಾರ ಎಣಿಸಿದಂತೆ ನಡೆಯಲಿಲ್ಲ. ಕೊಲೋಸಿಯಮ್, ಪ್ಯಾಲಟೈನ್ ಗುಡ್ಡ, ಫೋರಮ್, ಈ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಆತುರದಲ್ಲಿ ಅಧ್ಯಾಪಕರು ಮುಂದೆ ಮುಂದೆ ನಡೆದರು. ಟೈಟಸನ ಕಮಾನಿನ ಹತ್ತಿರ ಹುಡುಗ ನೆಲದ ಮೇಲೆ ಕುಳಿತುಬಿಟ್ಟ. ಎಬ್ಬಿಸಿದರೆ ಏಳಲಿಲ್ಲ. ಜನರೆದುರಿಗೆ ತಂದೆ ಗದರಿದರು. ಹುಡುಗ ಅಳದೆ ಎದ್ದು ನಡೆದ. ರಾತ್ರಿ ಬೂಟು ಬಿಚ್ಚಿದಾಗ ಎರಡು ಹಿಮ್ಮಡಿಗಳಲ್ಲೂ ಬೊಬ್ಬೆ ಎದ್ದು ಒಡೆದಿದ್ದವು. ಅವನು ತಾಯಿಯೊಡನೆ ಮಾತಾಡಿದ, ಅಕ್ಕನೊಡನೆ ಮಾತಾಡಿದ, ತಂದೆಯೊಡನೆ ಮಾತ್ರ ಆಡಲಿಲ್ಲ.

ಮಕ್ಕಳು ಮಲಗಿದ ಮೇಲೆ ಪತ್ನಿ ಲೆಕ್ಕ ಹಾಕಿದರು. ರೋಮಿನಿಂದ ನೇಪಲ್ಸಿಗೆ ವೇಗದ ರೈಲಿನಲ್ಲಿ ಒಂದು ಗಂಟೆಯ ಮೇಲೆ. ಅಲ್ಲಿ ಇಳಿದು ಬೇರೆ ಗಾಡಿ ಹಿಡಿದು ಪಾಂಪೇಯಿಗೆ ಮತ್ತೆ ಅರ್ಧ ಗಂಟೆಗೂ ಮಿಕ್ಕು. ಕಾಯುವ ಹೊತ್ತು ಸೇರಿದರೆ ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಅಗೆದು ತೆರೆದಿರುವ ನಗರವೇ 40 ಹೆಕ್ಟೇರಿಗೂ ಹೆಚ್ಚು. ಬೀದಿಗಳೆಲ್ಲ ದಪ್ಪ ಲಾವಾಶಿಲೆಯ ಏರಿಳಿತ, ನೆರಳು ಅಪರೂಪ. ಇಷ್ಟಾಗಿಯೂ ಯಕ್ಷಿ ಅಲ್ಲಿಲ್ಲ, ಇರುವುದು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿ. ಅದೂ ಶೃಂಗಾರವಸ್ತುಗಳನ್ನು ಪ್ರತ್ಯೇಕವಾಗಿಟ್ಟ ಕೋಣೆಯಲ್ಲಿ. ಪರದೇಶಕ್ಕೆ ಹೋದ ಹೆಣ್ಣುಮಗಳಿಗೆ ದೊರೆತ ಮರ್ಯಾದೆ!

“ನೀವೊಬ್ಬರೇ ಹೋಗಿಬನ್ನಿ, ನಾವು ಇಲ್ಲೇ ಇರ್ತೀವಿ” ಎಂದರು ಪತ್ನಿ. ಕೋಪದಿಂದ ಆಡಿದ ಮಾತಲ್ಲ. ಆದುದರಿಂದಲೇ ಅದಕ್ಕೆ ಉತ್ತರ ಹೇಳುವುದು ಕಷ್ಟವಾಯಿತು. ಅಧ್ಯಾಪಕರು ಬಹಳ ಹೊತ್ತು ಭೂಪಟವನ್ನು ನೋಡುತ್ತ ಕುಳಿತರು. ಟಿವೊಲಿಯ ಹೆಸರು ಬಂತು. ಮೆಟ್ರೋ ಇಳಿದು ಬಸ್ಸು ಹತ್ತಬೇಕು, ಬಸ್ಸೆಂದರೆ ಮಗಳಿಗೆ ವಾಂತಿ. ಅದೂ ಹೋಯಿತು. ಕೊನೆಗೆ ಅವರ ಬೆರಳು ಟೈಬರ್ ನದಿಯ ಗುಂಟ ಕೆಳಗಿಳಿದು ಓಸ್ಟಿಯಾದಲ್ಲಿ ನಿಂತಿತು. ಪ್ರಾಚೀನ ರೋಮಿನ ಬಂದರು. ಸೋಮವಾರವಷ್ಟೇ ರಜೆ. ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಅರ್ಧ ಗಂಟೆಯ ಪಯಣ. ನಗರದೊಳಗಿನ ಸಾಮಾನ್ಯ ಟಿಕೆಟ್ಟೇ ಸಾಕು. ಮಕ್ಕಳಿಗೆ ಬೇಸರವಾದರೆ ಮುಂದಿನ ಗಾಡಿಯಲ್ಲಿ ಹಿಂದಿರುಗಬಹುದು. ಚಿಕ್ಕ ಮಕ್ಕಳೊಡನೆ ಹೊರಟವರಿಗೆ ಈ ಕೊನೆಯ ಅನುಕೂಲದಷ್ಟು ದೊಡ್ಡದು ಬೇರೆ ಇಲ್ಲ.

ಪಾಂಪೇಯಿಯಂತೆ ಓಸ್ಟಿಯಾ ಒಂದೇ ದಿನದಲ್ಲಿ ಸತ್ತ ಊರಲ್ಲ. ಹೂಳು ತುಂಬಿ ಕಡಲು ದೂರ ಸರಿಯಿತು. 1557ರ ಪ್ರವಾಹದಲ್ಲಿ ನದಿಯೂ ಪಾತ್ರವನ್ನು ಬದಲಿಸಿತು. ಈಗ ಸಮುದ್ರಕ್ಕೆ ಸುಮಾರು 3 ಕಿ.ಮೀ. ಕೊಡೆಯಾಕಾರದ ಪೈನ್ ಮರಗಳ ನೆರಳಿನಲ್ಲಿ ಹಿರಿಬೀದಿ ನೇರವಾಗಿ ಹರಿಯುತ್ತದೆ. ಹುಡುಗ ಚಪ್ಪಲಿ ತೊಟ್ಟು ಮೆಲ್ಲನೆ ನಡೆದ. ಈ ಸಲ ತಂದೆ ಎಲ್ಲರಿಗಿಂತ ಹಿಂದೆ.

ಇಟ್ಟಿಗೆಯ ಮಹಡಿಮನೆಗಳನ್ನು ಕಂಡು ಮಗಳು, “ಇವು ಅಪಾರ್ಟ್‌ಮೆಂಟು!” ಎಂದು ಕೂಗಿದಳು. ತಪ್ಪೇನೂ ಇರಲಿಲ್ಲ, ಕೆಳಗೆ ಅಂಗಡಿ, ಮೇಲೆ ಬಾಡಿಗೆಯ ವಸತಿ, ರೋಮನ್ನರ ‘ಇನ್ಸುಲಾ’ ಅದೇ. ಡಯಾನಾ ಬೀದಿಯ ಹೋಟೆಲಿನಲ್ಲಿ ಅಮೃತಶಿಲೆಯ ಕಟ್ಟೆಯೂ ಗೋಡೆಯ ಮೇಲೆ ತಿನಿಸುಗಳ ಚಿತ್ರವೂ ಇಂದಿಗೂ ಉಳಿದಿವೆ. ಅವಳು ಕಟ್ಟೆಯ ಹಿಂದೆ ನಿಂತು ತಮ್ಮನಿಗೆ ಕಾಣದ ದೋಸೆ ಬಡಿಸಿದಳು. ಹಿಟ್ಟಿನ ಗಿರಣಿಯಲ್ಲಿ ಲಾವಾಶಿಲೆಯ ಬೀಸುಕಲ್ಲುಗಳು. ಸಾರ್ವಜನಿಕ ಶೌಚಾಲಯದಲ್ಲಿ ಅಮೃತಶಿಲೆಯ ಆಸನಗಳು ಸಾಲಾಗಿ, ನಡುವೆ ಮರೆಯೇ ಇಲ್ಲದೆ ಇರುವುದನ್ನು ಕಂಡು ಮಕ್ಕಳಿಬ್ಬರೂ ನಗು ತಡೆಯಲಾರದೆ ಹೋದರು. ಚಕ್ರವರ್ತಿಗಳ ವಂಶಾವಳಿ ಬೋಧಿಸಲಾರದ ಇತಿಹಾಸವನ್ನು ಆ ಶೌಚಾಲಯ ಬೋಧಿಸಿತು.

ರಂಗಮಂದಿರದ ಹಿಂದಿನ ಚೌಕದಲ್ಲಿ ವರ್ತಕ ಸಂಘಗಳ ಕೋಣೆಗಳು, ಸುಮಾರು 60. ಅವುಗಳ ಮುಂದೆ ಬಿಳಿ ಕಪ್ಪು ಕಲ್ಲಿನ ಚೂರುಗಳಿಂದ ರಚಿಸಿದ ಹಡಗುಗಳು, ದೀಪಸ್ತಂಭ, ಮೀನುಗಳು. ಆನೆಯ ಚಿತ್ರದೆದುರು ಹುಡುಗ ಕುಳಿತುಬಿಟ್ಟ. ಅದು ಆಫ್ರಿಕದ ಸಬ್ರಾಥಾ ಊರಿನ ವರ್ತಕರ ಗುರುತು. “ನಮ್ಮೂರಿಂದ ಬಂದಿದ್ದಾ?” ಎಂದು ಅವನು ಕೇಳಿದ್ದು ತಾಯಿಯನ್ನು. ತಾಯಿ ಉತ್ತರಿಸಲಿಲ್ಲ, ಗಂಡನ ಕಡೆ ನೋಡಿದರು. “ಆನೆ ಆಫ್ರಿಕದ್ದು. ನಮ್ಮ ಕಡೆಯಿಂದ ಮೆಣಸು ಬರ್ತಿತ್ತು, ಹಡಗಿನಲ್ಲಿ” ಎಂದರು ತಂದೆ, ಅವನ ಪಕ್ಕದಲ್ಲಿ ಕುಳಿತು. ಹುಡುಗ ಮಾತಾಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಉತ್ಖನನದ ಬೇಲಿಯಾಚೆ ಪುಟ್ಟದೊಂದು ಹಳೆಯ ಊರಿದೆ. ಅಲ್ಲಿ ಸಾಂತಾ ಔರೆಯಾ ಚರ್ಚು. ಕ್ರಿ.ಶ. 387ರಲ್ಲಿ ಸಂತ ಅಗಸ್ಟೀನನ ತಾಯಿ ಮೋನಿಕಾ ಸ್ವದೇಶಕ್ಕೆ ಹಡಗು ಹತ್ತುವ ಮೊದಲೇ ಓಸ್ಟಿಯಾದಲ್ಲಿ ತೀರಿಕೊಂಡಳು. ಅದಕ್ಕೆ ಮುನ್ನ ತಾಯಿಮಗ ಕಿಟಕಿಯ ಬಳಿ ನಿಂತು ತೋಟವನ್ನು ನೋಡುತ್ತ ಆಡಿದ ಮಾತುಗಳು ‘ಕನ್ಫೆಶನ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿವೆ. ಅವಳ ಸಮಾಧಿಲೇಖದ ತುಂಡು ದೊರೆತದ್ದು 1945ರಲ್ಲಿ. ವಿದ್ವಾಂಸರಿಗಲ್ಲ, ಈ ಚರ್ಚಿನ ಪಕ್ಕದಲ್ಲಿ ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ. ಇದನ್ನು ಕೇಳಿದ ಮೇಲೆ ಮಗಳ ಕಣ್ಣು ನೆಲವನ್ನು ಬಿಟ್ಟು ಮೇಲೇಳಲಿಲ್ಲ.

ಮಧ್ಯಾಹ್ನ ಅದೇ ರೈಲಿನಲ್ಲಿ ಮುಂದೆ ಹೋದರೆ ಕಡಲ ತೀರ. ಅಗಸ್ಟೀನನಿಗೂ ಹಿಂದೆ ಮಿನೂಸಿಯಸ್ ಫೆಲಿಕ್ಸ್ ಬರೆದ ‘ಆಕ್ಟೇವಿಯಸ್’ ಎಂಬ ಲ್ಯಾಟಿನ್ ಸಂವಾದ ಆರಂಭವಾಗುವುದು ಈ ಓಸ್ಟಿಯಾದ ಮರಳಿನ ಮೇಲೆಯೇ. ಮೂವರು ಗೆಳೆಯರು ದಡದಲ್ಲಿ ನಡೆಯುತ್ತಾರೆ. ಮಕ್ಕಳು ಅಲೆಗಳಿಂದ ನುಣುಪಾದ ಚೂರುಗಳನ್ನು ನೀರಿನ ಮೇಲೆ ಜಿಗಿಯುವಂತೆ ಎಸೆದು ಪಂದ್ಯ ಕಟ್ಟಿರುತ್ತಾರೆ. ಇಬ್ಬರು ಆಟವನ್ನು ಕಂಡು ಸಂತೋಷಪಡುತ್ತಾರೆ. ಮೂರನೆಯವನಿಗೆ ಅದು ಕಾಣುವುದೇ ಇಲ್ಲ. ಗೆಳೆಯನ ಮಾತೊಂದು ಮನಸ್ಸಿಗೆ ತಾಗಿ ಅವನು ಮೌನವಾಗಿ ದೂರ ನಿಂತಿದ್ದಾನೆ. ಮುಂದಿನ ವಾದವೆಲ್ಲ ಹುಟ್ಟುವುದು ಆ ಮುನಿಸಿನಿಂದ. ಸಾಹಿತ್ಯಚರಿತ್ರೆಗಳು ವಾದವನ್ನು ವಿವರಿಸುತ್ತವೆ, ಮಕ್ಕಳನ್ನು ಬಿಟ್ಟುಬಿಡುತ್ತವೆ.

ಅಧ್ಯಾಪಕರು ಪ್ಯಾಂಟು ಮಡಿಸಿಕೊಂಡು ನೀರಿನಂಚಿಗೆ ಇಳಿದರು. ಚಪ್ಪಟೆಯಾದ ಚಿಪ್ಪೊಂದನ್ನು ಆರಿಸಿ, ಬಗ್ಗಿ, ಎಸೆದರು. ಮುಳುಗಿತು. ಇನ್ನೊಂದೂ ಮುಳುಗಿತು. ಮೂರನೆಯದು ಎರಡು ಸಲ ಜಿಗಿದು ಅಲೆಗೆ ಸಿಕ್ಕಿತು.

“ಎರಡು” ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ಹುಡುಗ ಎರಡು ಕೈಗಳಲ್ಲೂ ಚಿಪ್ಪುಗಳನ್ನು ತುಂಬಿಕೊಂಡು ನಿಂತಿದ್ದ. ಬೊಬ್ಬೆಗೆ ಉಪ್ಪುನೀರು ತಾಗಿ ಉರಿಯುತ್ತದೆಂದು ತಂದೆ ಅವನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು. ಆ ಎತ್ತರದಿಂದ ಎಸೆದ ಚಿಪ್ಪುಗಳಲ್ಲಿ ಒಂದೂ ಜಿಗಿಯಲಿಲ್ಲ. ಆದರೂ ಅವರು ಎರಡು ರೈಲುಗಳನ್ನು ಬಿಟ್ಟು ಮೂರನೆಯದಕ್ಕೆ ಹತ್ತಿದರು.