ಕಲ್ಪನಾಲೋಕದ ಆಟ, ಗುಲಾಮಗಿರಿಯ ಕಥೆ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪಾತ್ರಾಭಿನಯದ ಆಟಕ್ಕೆ 2022ರ ಆಗಸ್ಟ್‌ನಲ್ಲಿ ಬಂದ ‘ಸ್ಪೆಲ್‌ಜಾಮರ್’ ಪುಸ್ತಕಗಳಲ್ಲಿ ಹಡೋಜಿ ಎಂಬ ವಾನರ ಕುಲವೊಂದಿದೆ. ಮಾಂತ್ರಿಕನೊಬ್ಬ ಅವರನ್ನು ಹಿಡಿದು, ಮದ್ದು ಕುಡಿಸಿ ಬುದ್ಧಿ ಬರಿಸಿ, ಸೈನ್ಯವಾಗಿ ಮಾರಲು ಹೊರಟಿದ್ದ. ಅವರ ಮೇಲೆ ಅಕ್ಕರೆ ಬೆಳೆಸಿಕೊಂಡ ಅವನ ಶಿಷ್ಯರು ಅವರು ಪಾರಾಗಲು ನೆರವಾದರು. ಕುಲದ ಹುಟ್ಟಿನ ಕಥೆಯೆಂದು ಅಚ್ಚಾದದ್ದು ಇದು. ಕಪ್ಪುಜನರನ್ನು ಮಂಗಗಳಿಗೆ ಹೋಲಿಸಿ ಅವಮಾನಿಸಿದ ಜನಾಂಗದ್ವೇಷದ ನೆನಪು ಅಮೆರಿಕದ ಆಟಗಾರರಲ್ಲಿ ಇನ್ನೂ ಹಸಿಯಾಗಿದೆ. ಆಕ್ಷೇಪಣೆ ಎದ್ದಿತು. ಪ್ರಕಾಶಕರು ಸೆಪ್ಟೆಂಬರ್‌ನಲ್ಲಿ ಕ್ಷಮೆ ಕೇಳಿ ಆ ಭಾಗವನ್ನು ತೆಗೆದುಹಾಕಿದರು.

ಹೋಲಿಕೆಗಿಂತ ಆಳದ ದೋಷ ಕಥೆಯ ಕಟ್ಟಿನಲ್ಲೇ ಇತ್ತು: ಬುದ್ಧಿಯೂ ಬಿಡುಗಡೆಯೂ ಬಂದದ್ದು ಒಡೆಯನ ಮನೆಯಿಂದ. ಸೆರೆಸಿಕ್ಕವರಿಗೆ ಅದಕ್ಕೂ ಮುಂಚಿನ ಭಾಷೆ, ನಂಟು, ನಂಬಿಕೆ ಯಾವುದೂ ಇರಲಿಲ್ಲ. 2007ರ ‘ಸ್ಟೀಲ್ ಅವೇ ಜೋರ್ಡನ್’ ಇದಕ್ಕೆ ತೀರ ಭಿನ್ನ. ಜೂಲಿಯಾ ಬಾಂಡ್ ಎಲಿಂಗ್‌ಬೋ ರೂಪಿಸಿದ ಈ ಆಟದಲ್ಲಿ ಆಟಗಾರರು ಗುಲಾಮರ ಪಾತ್ರವನ್ನೇ ವಹಿಸುತ್ತಾರೆ. ಅವರ ಆಸೆ, ಗುರಿಗಳೇ ಕಥೆಯನ್ನು ನಡೆಸುತ್ತವೆ.

ಗುಲಾಮಗಿರಿಯ ಕಥೆಯಿರುವ ಯಾವುದೇ ಆಟವಿರಲಿ, ಅದನ್ನು ನಡೆಸುವವರು ಶುರುವಿಗೆ ಮುನ್ನವೇ ಎಲ್ಲರನ್ನೂ ಕೇಳಬೇಕು: ಈ ವಿಷಯ ಬೇಕೇ, ಬೇಡವೇ, ಎಷ್ಟರ ಮಟ್ಟಿಗೆ? ಒಬ್ಬರು ಬೇಡವೆಂದರೂ ಬಿಡುವುದೇ ಸರಿ, ಕಾರಣ ಕೇಳಕೂಡದು.