ಮಲ್ಪೆ ದಕ್ಕೆಯಲ್ಲಿ ಕಪ್ಪೆ ಬೊಂಡಾಸ್

ಉಡುಪಿಗೆ ಹೋಗುವವರ ಲಿಸ್ಟ್ ಹೆಚ್ಚುಕಮ್ಮಿ ಒಂದೇ: ಕೃಷ್ಣಮಠ, ಮಲ್ಪೆ ಬೀಚ್, ಸೇಂಟ್ ಮೇರೀಸ್ ದ್ವೀಪ, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಂ. ಇದಕ್ಕೆ ಇನ್ನೊಂದು ಸೇರಿಸಿ. ಒಂದು ದಿನ ಬೇಗ ಎದ್ದು ಮಲ್ಪೆ ಬಂದರಿನ ದಕ್ಕೆಗೆ ಹೋಗಿ ಬನ್ನಿ. ಉಡುಪಿಯಿಂದ ಆರೇಳು ಕಿಲೋಮೀಟರ್ ಅಷ್ಟೇ.

ನಾನು ಹೋದಾಗ ಬೋಟ್‌ಗಳಿಂದ ಬಂಗುಡೆ, ಬೂತಾಯಿ ಇಳಿಯುತ್ತಿದ್ದವು. ಪಕ್ಕದ ಬುಟ್ಟಿಯಲ್ಲಿ ಮಸಿ ಮೆತ್ತಿಕೊಂಡ, ಮೆತ್ತಗಿನ ದಪ್ಪ ಪ್ರಾಣಿಗಳು. ‘ಇದೇನಮ್ಮಾ?’ ಅಂದೆ. ಮೀನು ಆರಿಸುತ್ತಿದ್ದವರು ತಲೆ ಎತ್ತಿ, ‘ಕಪ್ಪೆ ಬೊಂಡಾಸ್ ಮಾರಾಯ್ರೆ. ಬೆನ್ನೊಳಗೆ ಬಿಳಿ ಹಲಗೆ ಉಂಟು ನೋಡಿ’ ಎಂದರು.

ಕಟಲ್‌ಫಿಶ್ ಅಂದರೆ ಇದೇ. ಹೆಸರಲ್ಲಿ ಫಿಶ್ ಇದ್ದರೂ ಮೀನಲ್ಲ, ಬಸವನಹುಳುವಿನ ದೂರದ ನೆಂಟ. ಮೂರು ಹೃದಯ, ನೀಲಿ-ಹಸಿರು ರಕ್ತ, ಎಂಟು ತೋಳು, ಬೇಟೆಗೆಂದೇ ಚಾಚುವ ಇನ್ನೆರಡು ಉದ್ದ ತೋಳು. ಚರ್ಮದ ತುಂಬಾ ಬಣ್ಣದ ಪುಟ್ಟ ಚೀಲಗಳು. ಮೆದುಳಿನಿಂದ ಸಂದೇಶ ಹೋದರೆ ಸಾಕು, ಸೆಕೆಂಡಿನೊಳಗೆ ಮೈಬಣ್ಣ ಬದಲು! ಹಳೇ ಫೋಟೋಗಳ ‘ಸೆಪಿಯಾ’ ಬಣ್ಣದ ಹೆಸರು ಬಂದಿದ್ದೂ ಇದರ ಮಸಿಯಿಂದಲೇ.

ಆ ಬಿಳಿ ಹಲಗೆ ಬೀಚಿನಲ್ಲಿ ನಿಮಗೂ ಸಿಕ್ಕಿರಬಹುದು. ಆಯುರ್ವೇದದ ಸಮುದ್ರಫೇನ ಇದೇ. ಒಳಗೆಲ್ಲ ಸಣ್ಣ ಸಣ್ಣ ಕೋಣೆಗಳು. ಅವುಗಳಲ್ಲಿ ನೀರು, ಗಾಳಿಯ ಪ್ರಮಾಣ ಹೊಂದಿಸಿಕೊಂಡು ಪ್ರಾಣಿ ನೀರಲ್ಲಿ ತೇಲುತ್ತದೆ, ಇಳಿಯುತ್ತದೆ.

ಬುದ್ಧಿಯೂ ಚುರುಕು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಷ್ಟದ ಸಿಗಡಿ ಸಿಗುತ್ತದೆ ಅಂತ ಗೊತ್ತಾದಾಗ ಇದರ ಯುರೋಪಿನ ಜಾತಿಯವು ಎದುರಿಗಿದ್ದ ತಿಂಡಿ ಮುಟ್ಟದೆ 50ರಿಂದ 130 ಸೆಕೆಂಡ್ ಕಾದಿದ್ದವು. ಫುಡ್ ಡೆಲಿವರಿ ಎರಡು ನಿಮಿಷ ತಡವಾದರೆ ನಾವು ಏನು ಮಾಡ್ತೀವಿ, ಯೋಚಿಸಿ!

ಆದರೆ ಇದನ್ನು ಹಿಡಿಯುವ ಒಂದು ವಿಧಾನ ಕೇಳಿದ ಮೇಲೆ ಬುಟ್ಟಿಯನ್ನು ಮೊದಲಿನ ಹಾಗೆ ನೋಡೋಕೆ ನನಗಾಗಲಿಲ್ಲ. ಕಾಯಿ ಕಿತ್ತ ತೆಂಗಿನ ಗೊನೆಯ ಒಣ ಕಡ್ಡಿಗಳನ್ನು ಕಟ್ಟಿ, ಮರಳಿನ ಚೀಲದ ಭಾರ ಹಾಕಿ ಸಮುದ್ರಕ್ಕೆ ಇಳಿಸುತ್ತಾರೆ. ಮೊಟ್ಟೆ ಅಂಟಿಸೋಕೆ ಜಾಗ ಹುಡುಕುವ ಕಪ್ಪೆ ಬೊಂಡಾಸ್ ಅಲ್ಲಿಗೇ ಬರುತ್ತದೆ. ಗಾಳ ಹಾಕಿ ಎತ್ತುತ್ತಾರೆ. ಅಂದರೆ ಸಿಗುವುದು ಹೆಚ್ಚಾಗಿ ಬೆಳೆದು ಮರಿ ಮಾಡಲು ಬಂದವು. ಇದರ ಆಯಸ್ಸೇ ಒಂದೆರಡು ವರ್ಷ, ಮೊಟ್ಟೆ ಇಟ್ಟ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಇನ್ನೊಂದು ಅವಕಾಶ ಇಲ್ಲ.

ಟ್ರಾಲ್ ಬೋಟಿನವರಿಗೂ ಇದರ ಮೇಲೆ ಸಿಟ್ಟು, ಅವರ ಬಲೆ ಈ ಕಟ್ಟುಗಳಿಗೆ ಸಿಕ್ಕಿ ಹರಿಯುತ್ತದೆ. ಗಾಳದವರನ್ನು ಕೇಳಿದರೆ ಅದು ಅವರ ಹೊಟ್ಟೆಪಾಡು. ಯುರೋಪಿಗೆ ರಫ್ತಾಗುವ ಮಾಲು, ಒಳ್ಳೆ ರೇಟು. ಯಾರದ್ದು ತಪ್ಪು ಅಂತ ದಡದಲ್ಲಿ ನಿಂತು ಹೇಳೋದು ಸುಲಭ ಅಲ್ಲ. ಆದರೂ ಮೊಟ್ಟೆ ಅಂಟಿದ ಕಟ್ಟುಗಳು ಮರಿ ಹೊರಬರುವವರೆಗಾದರೂ ನೀರಲ್ಲೇ ಉಳಿಯಬೇಕು ಅನ್ನೋದು ನನ್ನ ಆಸೆ.

ಹೋಗುವವರಿಗೆ ಎರಡು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ರಜೆ, ಆಗ ದಕ್ಕೆ ಖಾಲಿ. ಉಳಿದ ಸಮಯದಲ್ಲಿ ಬೆಳಗ್ಗೆ ಹೋಗಿ, ಜಾರದ ಚಪ್ಪಲಿ ಹಾಕಿ, ಫೋಟೋಗೆ ಮೊದಲು ಕೇಳಿ. ಮೀನಿಗೆ ಉಸಿರಾಡಲು ಆ ಎರಡು ತಿಂಗಳು ಸಿಗುತ್ತದೆ. ಆದರೆ ಕಪ್ಪೆ ಬೊಂಡಾಸ್ ಆ ಎರಡು ತಿಂಗಳಲ್ಲಷ್ಟೇ ಮೊಟ್ಟೆ ಇಡುವುದಿಲ್ಲ.