ಪೋಷಕಪಾತ್ರ

ನಾಟಕ ನೋಡಿ ಮನೆಗೆ ಹಿಂದಿರುಗುವವರು ದಾರಿಯುದ್ದಕ್ಕೂ ನಾಯಕ ನಾಯಿಕೆಯರ ಮಾತನ್ನೇ ಆಡುವರು. ಅತ್ತೆಯ ವೇಷ ಹಾಕಿದವರಾರು, ಮುದಿ ಸೇವಕನಾಗಿ ಬಂದವನಾರು ಎಂದು ವಿಚಾರಿಸುವವರು ವಿರಳ. ಈ ವಿಷಯದಲ್ಲಿ ನಾನೂ ನಿರಪರಾಧಿಯಲ್ಲ. ಪಾಠಶಾಲೆಯಲ್ಲಿ ದಶರೂಪಕವನ್ನು ಓದುವಾಗ ನಾಯಕನ ಗುಣಗಳನ್ನು ಬಾಯಿಪಾಠ ಮಾಡಿದ್ದೆ. ಅವನ ಸಹಾಯಕನಾದ ಪೀಠಮರ್ದನ ಲಕ್ಷಣವನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿ ಬಿಟ್ಟಿದ್ದೆ. ಆ ಔದಾಸೀನ್ಯವು ಮನಸ್ಸಿಗೆ ಚುಚ್ಚಿದುದು ಬಹಳ ತಡವಾಗಿ. ಅದೂ ಫ್ರಾನ್ಸಸ್ ಸ್ಟರ್ನ್‌ಹೇಗನ್ ಎಂಬ ಅಮೆರಿಕದ ನಟಿಯ ವೃತ್ತಾಂತವನ್ನು ಓದಿದಾಗ.

ಈಕೆ 1930ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ಹುಟ್ಟಿದಳು. ವ್ಯಾಸರ್ ಕಾಲೇಜಿನಲ್ಲಿ ಕಲಿತು, ಕೆಲವು ಕಾಲ ಮಿಲ್ಟನ್ ಅಕಾಡೆಮಿಯಲ್ಲಿ ಉಪಾಧ್ಯಾಯಿನಿಯಾಗಿದ್ದು, 1955ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯನ್ನು ಏರಿದಳು. ಆರು ಮಕ್ಕಳ ತಾಯಿಯಾದರೂ ರಂಗವನ್ನು ಬಿಡಲಿಲ್ಲ. ಆ ದೇಶದ ರಂಗಭೂಮಿಯ ಶ್ರೇಷ್ಠ ಬಹುಮಾನವಾದ ಟೋನಿ ಪ್ರಶಸ್ತಿಗೆ ಏಳು ಬಾರಿ ಆಕೆಯ ಹೆಸರು ಸೂಚಿತವಾಯಿತು. ಎರಡು ಬಾರಿ ಅದು ಕೈಸೇರಿತು. 1974ರಲ್ಲಿ, ಚೆಕಾಫನ ಕಥೆಗಳನ್ನಾಧರಿಸಿ ನೀಲ್ ಸೈಮನ್ ರಚಿಸಿದ 'ದಿ ಗುಡ್ ಡಾಕ್ಟರ್' ನಾಟಕದ ಹಲವು ಪಾತ್ರಗಳಿಗಾಗಿ. 1995ರಲ್ಲಿ 'ದಿ ಏರೆಸ್' ನಾಟಕದ ಸೋದರತ್ತೆಯ ಪಾತ್ರಕ್ಕಾಗಿ. ಎರಡೂ ಪೋಷಕಪಾತ್ರಗಳಿಗೆ ಸಂದ ಮನ್ನಣೆಗಳೇ.

ಆಕೆಗೆ ದೊಡ್ಡ ಪಾತ್ರಗಳು ದೊರೆಯಲಿಲ್ಲವೆಂದಲ್ಲ. 1979ರಲ್ಲಿ 'ಆನ್ ಗೋಲ್ಡನ್ ಪಾಂಡ್' ಬ್ರಾಡ್‌ವೇಗೆ ಬಂದಾಗ, ತನಗಿನ್ನೂ ಐವತ್ತು ತುಂಬುವ ಮೊದಲೇ, ಎಪ್ಪತ್ತರ ಅಂಚಿನ ಗೃಹಿಣಿಯಾಗಿ ಅಭಿನಯಿಸಿದಳು. 1981ರಲ್ಲಿ ಆ ನಾಟಕ ಚಲನಚಿತ್ರವಾಯಿತು. ಪಾತ್ರ ಕ್ಯಾಥರೀನ್ ಹೆಪ್‌ಬರ್ನಳ ಪಾಲಾಯಿತು, ಆಸ್ಕರ್ ಬಹುಮಾನವೂ ಅವಳಿಗೇ ಬಂತು. 'ಡ್ರೈವಿಂಗ್ ಮಿಸ್ ಡೇಸಿ' ನಾಟಕದ ವೃದ್ಧೆಯ ಪಾತ್ರವನ್ನು ಡಾನಾ ಐವಿಯ ತರುವಾಯ ಈಕೆಯೂ ವಹಿಸಿದ್ದಳು. 1989ರ ಚಿತ್ರದಲ್ಲಿ ಅದನ್ನು ಅಭಿನಯಿಸಿ ಆಸ್ಕರ್ ಪಡೆದವಳು ಜೆಸಿಕಾ ಟ್ಯಾಂಡಿ. ಹೀಗೆ, ಆಕೆ ರಂಗದ ಮೇಲೆ ಧರಿಸಿದ್ದ ಎರಡು ವೇಷಗಳು ತೆರೆಯ ಮೇಲೆ ಅನ್ಯರಿಗೆ ಕಿರೀಟವನ್ನು ತೊಡಿಸಿದುವು.

ಟೆಲಿವಿಷನ್ನಿನಲ್ಲಿಯೂ ಹೀಗೆಯೇ. 'ಚಿಯರ್ಸ್' ಎಂಬ ಹಾಸ್ಯಮಾಲಿಕೆಯಲ್ಲಿ ಅಂಚೆಯವನ ತಾಯಿ, 'ಸೆಕ್ಸ್ ಅಂಡ್ ದಿ ಸಿಟಿ'ಯಲ್ಲಿ ಮಗನ ಸಂಸಾರದಲ್ಲಿ ತಲೆಹಾಕುವ ಅತ್ತೆ, 'ಈ.ಆರ್.' ಮಾಲಿಕೆಯಲ್ಲಿ ತರುಣ ವೈದ್ಯನ ಅಜ್ಜಿ. ಕಥೆ ಯಾವಾಗಲೂ ಇನ್ನೊಬ್ಬರದು. ಆದರೆ ಈ ತಾಯಿಯನ್ನು ನೋಡಿದ ಮೇಲೆಯೇ ಆ ಮಗ ಏಕೆ ಹಾಗಾದನೆಂಬುದು ನೋಡುವವರಿಗೆ ತಿಳಿಯುವುದು. 2023ರ ನವೆಂಬರ್ 27ರಂದು, 93ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಇದನ್ನೆಲ್ಲ ಓದುತ್ತಿದ್ದಂತೆ ನನಗೆ ಒಬ್ಬ ಹುಡುಗನ ನೆನಪಾಯಿತು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ಹರಿಶ್ಚಂದ್ರನ ನಾಟಕವನ್ನಾಡಿಸಿದ್ದೆ. ಚಂದ್ರಮತಿಯನ್ನು ಕೊಂಡ ಬ್ರಾಹ್ಮಣನ ಹೆಂಡತಿಯ ವೇಷಕ್ಕೆ ಯಾರೂ ಒಪ್ಪದಿರಲು, ಕಡೆಯ ಬೆಂಚಿನ ಹುಡುಗನೊಬ್ಬನಿಗೆ ಅದನ್ನು ಕಟ್ಟಿದೆ. ಅವನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗದರಿದ ರೀತಿಗೆ ಸಭೆಯಲ್ಲಿದ್ದ ಹೆಂಗಸರು ಚಂದ್ರಮತಿಗಾಗಿ ಕಣ್ಣೊರಸಿಕೊಂಡರು. ಬಹುಮಾನ ಚಂದ್ರಮತಿಗೆ ಹೋಯಿತು, ಕೊಡಿಸಿದವನು ನಾನೇ. ಬಣ್ಣವನ್ನು ಒರೆಸಿಕೊಳ್ಳುತ್ತ ಆ ಹುಡುಗ ಹತ್ತಿರ ಬಂದು, "ಮೇಷ್ಟ್ರೇ, ನನ್ನದು ಸರಿಯಾಯಿತೆ?" ಎಂದು ಕೇಳಿದ. ಬಾಡಿಗೆಗೆ ತಂದಿದ್ದ ಕಿರೀಟಗಳನ್ನು ಎಣಿಸುವುದರಲ್ಲಿದ್ದ ನಾನು ತಲೆಯೆತ್ತದೆ "ಹೂಂ" ಎಂದೆ.

ಆ ಸಭೆ ಅತ್ತದ್ದು ಚಂದ್ರಮತಿಯ ಕಣ್ಣೀರಿನಿಂದಲ್ಲ, ಇವನ ಗದರಿಕೆಯಿಂದ ಎಂಬುದು ನನಗೆ ಅಂದೇ ಹೊಳೆಯಬೇಕಾಗಿತ್ತು. ಪೋಷಕಪಾತ್ರವೆನ್ನುವ ನಾವು ಪೋಷಣೆಯೆಂಬ ಅರ್ಥವನ್ನೇ ಮರೆತಿದ್ದೇವೆ. ರಸವನ್ನು ಬೆಳೆಸುವುದು ಒಬ್ಬರು, ಅದರ ಕೀರ್ತಿಯನ್ನುಣ್ಣುವುದು ಇನ್ನೊಬ್ಬರು. ಸ್ಟರ್ನ್‌ಹೇಗನ್ನಳಿಗಾದರೋ ಎರಡು ಬಾರಿ ಲೋಕವು ತನ್ನ ಋಣವನ್ನು ಸಲ್ಲಿಸಿತು. ನನ್ನ ಶಿಷ್ಯನಿಗೆ ನಾನು ಸಲ್ಲಿಸಲಿಲ್ಲ. ಈಗ ಅವನೆಲ್ಲಿರುವನೋ ತಿಳಿಯದು. ಈ ಪತ್ರಿಕೆ ಎಂದಾದರೂ ಅವನ ಕೈಸೇರಿದರೆ, ಅಂದಿನ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ: ಅಪ್ಪಾ, ಎಲ್ಲರಿಗಿಂತಲೂ ಸರಿಯಾಗಿದ್ದುದು ನಿನ್ನದೇ.